ಬೆಳವಣಕಿಯ ಕಲ್ಲವ್ವ ಮತ್ತು ರೊಕ್ಕ ಕೊಟ್ಟು ಮಣ್ಣು ಹೊತ್ತವರು

ಬೆಳವಣಕಿಯಲ್ಲಿ ಆಗ ಕಲ್ಲವ್ವ ಎಂಬ ಹೆಸರಿನವರು ಓಣಿಗೊಬ್ಬರು ಇದ್ದರು. ಬುಟ್ಟಿ ಕಲ್ಲವ್ವ ಮಾತ್ರ ಒಬ್ಬಳೇ. ಅವಳು ಬುಟ್ಟಿ ಹೆಣೆಯುವವಳಲ್ಲ, ಹೊರುವವಳು. ಹೊಲದ ಕೆಲಸ ಮುಗಿದು ಎರೆಭೂಮಿ ಬಿರುಕು ಬಿಟ್ಟು ಮಲಗುವ ಕಾಲಕ್ಕೆ, ಎಲ್ಲಿ ಕೆರೆಯ ಹೂಳು ತೆಗೆಯುತ್ತಾರೆ, ಎಲ್ಲಿ ರಸ್ತೆಗೆ ಮಣ್ಣು ಹಾಕುತ್ತಾರೆ ಎಂದು ವಿಚಾರಿಸಿ, ಓಣಿಯ ಹೆಂಗಸರನ್ನೆಲ್ಲ ಹಿಂದೆ ಹಾಕಿಕೊಂಡು ಹೊರಡುತ್ತಿದ್ದಳು. ವಯಸ್ಸು ನಲವತ್ತರ ಹತ್ತಿರ. ಎತ್ತರದ ಹೆಂಗಸು, ಅಗಲವಾದ ಹೆಗಲು, ಅದಕ್ಕೆ ತಕ್ಕ ಗಂಟಲು. ಜಗಳವಾಡುವಾಗಲೂ ನಗುತ್ತಿದ್ದಳು. ಒಮ್ಮೆ ಗುತ್ತಿಗೆದಾರನೊಬ್ಬ ಅರ್ಧ ದಿನದ ಕೂಲಿ ಮುರಿದುಕೊಂಡಾಗ ಅವಳು ಅವನನ್ನು ಸಂತೆಯ ನಡುವೆ ನಿಲ್ಲಿಸಿ ಎಷ್ಟು ಬೈದಳೋ ಅಷ್ಟೇ ನಗಿಸಿದಳು. ಸುತ್ತಲಿನ ಜನರೊಂದಿಗೆ ಅವನೂ ನಕ್ಕು ಕಡೆಗೆ ಕಿಸೆಗೆ ಕೈಹಾಕಿದ.

ಗಂಡ ಅಂದಾನಪ್ಪನಿಗೆ ಮಾತು ಕಡಿಮೆ. ಒಂದು ಚಕ್ಕಡಿ, ಎರಡು ಎತ್ತು, ಬಾಯಲ್ಲಿ ಸದಾ ಎಲೆ ಅಡಿಕೆ. ಹತ್ತಿಯ ಸುಗ್ಗಿಯಲ್ಲಿ ರೋಣಕ್ಕೂ ನರಗುಂದಕ್ಕೂ ಹತ್ತಿ ತುಂಬಿದ ಅಂಡಿಗೆಗಳನ್ನು ಸಾಗಿಸುತ್ತಿದ್ದ. ಮನೆಯಲ್ಲಿ ಆಡಬೇಕಾದ ಮಾತನ್ನೆಲ್ಲ ಹೆಂಡತಿಯೇ ಆಡಿ ಮುಗಿಸುವುದರಿಂದ ತನಗೆ ಏನೂ ಉಳಿಯುವುದಿಲ್ಲ ಎಂಬುದು ಅವನ ಲೆಕ್ಕ.

ದೇಶಕ್ಕೆ ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಆ ಸೀಮೆ ಇನ್ನೂ ಮುಂಬಯಿ ರಾಜ್ಯದಲ್ಲೇ ಇತ್ತು. ಆ ಬೇಸಿಗೆಯಲ್ಲಿ ಬೆಳವಣಕಿಯ ಕೆರೆಯ ಹೂಳು ತೆಗೆಸಲು ಸರಕಾರ ಒಪ್ಪಿದೆ ಎಂಬ ಸುದ್ದಿ ಯುಗಾದಿಗೆ ಮೊದಲೇ ಹಬ್ಬಿತು. ಪರಸ್ಥಳಕ್ಕೆ ಅಲೆಯಬೇಕಿಲ್ಲ, ಮನೆ ಮುಂದೆಯೇ ಕೆಲಸ, ಮಧ್ಯಾಹ್ನ ಮನೆಯ ರೊಟ್ಟಿ. ಕಲ್ಲವ್ವನ ಹೆಂಗಸರು ಹಳೆಯ ಬುಟ್ಟಿಗಳಿಗೆ ಸಗಣಿ ಸಾರಿಸಿ ಒಣಗಿಸಿಟ್ಟರು.

ಆಗ ಇನ್ನೊಂದು ಸುದ್ದಿ ಬಂತು. ತಂದವಳು ಸಿದ್ದಲಿಂಗವ್ವ. ಕಲ್ಲವ್ವನ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ಆಗ ಐದು ತಿಂಗಳ ಬಸುರಿ.

"ಯಕ್ಕಾ, ಕೆರಿ ಕೆಲಸ ನಮಗಿಲ್ಲಂತ. ಪರದೇಶದಾವ್ರು ಬರ್ತಾರಂತ, ಪುಕ್ಕಟೆ ಮಣ್ಣ ಹೊರ್ತಾರಂತ."

"ಯಾರ ಹೇಳಿದ್ರ ನಿನಗ?"

"ಗೌಡ್ರ ಚಾವಡ್ಯಾಗ ಹೇಳಾಕತ್ತಿದ್ರು. ಪುಕ್ಕಟೆ ಅಷ್ಟ ಅಲ್ಲಬೇ, ಹಡಗದ ರೊಕ್ಕ ಅವರದ, ರೈಲಿನ ರೊಕ್ಕ ಅವರದ, ಉಣ್ಣೂದೂ ಅವರದ. ತಮ್ಮ ಕೈಯಿಂದ ಹಾಕಿ ಬಂದು ದುಡೀತಾರಂತ."

ಕಲ್ಲವ್ವ ಮೊದಲು ನಂಬಲಿಲ್ಲ. ಆಮೇಲೆ ಕುಳಿತಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. "ರೊಕ್ಕ ಕೊಟ್ಟು ಮಣ್ಣ ಹೊರೂದು! ಅದು ಹಂಗಿತ್ತಂದ್ರ ನನ್ನ ಬುಟ್ಟೀನ ಬಾಡಿಗಿಗೆ ಕೊಡ್ತಿದ್ದೆ ತಗೊ!" ನಗು ಇಳಿದ ಮೇಲೆ ಒಣಗಲಿಟ್ಟ ಬುಟ್ಟಿಗಳನ್ನು ನೋಡಿದಳು. ಈ ಬೇಸಿಗೆ ಹೊಟ್ಟೆಗೆ ಏನು ಮಾಡುವುದು ಎಂಬ ಚಿಂತೆ ಆಗ ಹತ್ತಿತು.

ಸುದ್ದಿ ನಿಜವಾಗಿತ್ತು. ಒಂದು ದೊಡ್ಡ ಯುದ್ಧ ಮುಗಿದ ಮೇಲೆ ಬೇರೆ ಬೇರೆ ದೇಶದ ಜನ ಕೂಡಿ ಕಟ್ಟಿಕೊಂಡ ಒಂದು ಸಂಘವಿತ್ತು. ಕೈಯಲ್ಲಿ ಬಂದೂಕಿನ ಬದಲು ಗುದ್ದಲಿ ಹಿಡಿದು ಒಬ್ಬರ ಊರಿಗೆ ಇನ್ನೊಬ್ಬರು ಹೋಗಿ ದುಡಿಯಬೇಕೆಂಬುದು ಅವರ ವ್ರತ. ಗೌಡರಾದ ಮಹಾಲಿಂಗಪ್ಪನವರು ಯಾರ ಮೂಲಕವೋ ಅವರನ್ನು ಕರೆಸಿದ್ದರು. ಮಲ್ಲಾಪುರ ಸ್ಟೇಶನ್ನಿನಲ್ಲಿ ಇಳಿದ ಏಳು ಜನರ ಸಾಮಾನನ್ನು ಹೇರಿಕೊಂಡು ಬಂದದ್ದು ಅಂದಾನಪ್ಪನ ಚಕ್ಕಡಿಯೇ. ಜನ ಮಾತ್ರ ಹತ್ತಲೊಲ್ಲದೆ, ಎತ್ತಿಗೆ ಭಾರವಾದೀತೆಂದು ಬಿಸಿಲಲ್ಲಿ ನಡೆದೇ ಬಂದಿದ್ದರು.

"ಹ್ಯಾಂಗದಾರ್ರೀ ಮಂದಿ?" ಎಂದು ಕಲ್ಲವ್ವ ಗಂಡನನ್ನು ಕೇಳಿದಳು.

"ಕೆಂಪಗದಾರ," ಎಂದ ಅಂದಾನಪ್ಪ. ಸ್ವಲ್ಪ ಹೊತ್ತು ಬಿಟ್ಟು, "ಚಲೋ ಅದಾರ," ಎಂದ.

ಮರುದಿನ ಬೆಳಿಗ್ಗೆ ಡೊಳ್ಳು ಬಾರಿಸಿ, ಹಾರ ಹಾಕಿ, ಗೌಡರು ಕೆರೆಯ ಅಂಗಳದಲ್ಲಿ ಕಾಯಿ ಒಡೆದರು. ಪರದೇಶದವರು ಗುದ್ದಲಿ ಹಿಡಿದರು. ಊರಿಗೆ ಊರೇ ನೋಡಲು ಬಂದಿತ್ತು. ಹೊತ್ತೇರಿದಂತೆ ಜನ ಕರಗಿದರು. ಕರಗದೆ ಉಳಿದವರು ಕಲ್ಲವ್ವ ಮತ್ತು ಅವಳ ಹೆಂಗಸರು. ಬರಿಯ ಬುಟ್ಟಿಗಳನ್ನು ಎದುರಿಗಿಟ್ಟುಕೊಂಡು ಕೆರೆಯ ಏರಿಯ ಮೇಲೆ ಸಾಲಾಗಿ ಕುಳಿತರು. ಬೈಯಲಿಲ್ಲ, ಕೂಗಲಿಲ್ಲ. ಸುಮ್ಮನೆ ನೋಡುತ್ತಿದ್ದರು, ನಡುನಡುವೆ ಏನಾದರೂ ಅಂದುಕೊಂಡು ನಗುತ್ತಿದ್ದರು. ಮಧ್ಯಾಹ್ನ ಅಲ್ಲೇ ಬುತ್ತಿ ಬಿಚ್ಚಿ ಉಂಡರು. ಎರಡನೆಯ ದಿನವೂ ಹಾಗೆಯೇ.

ಪರದೇಶದವರಲ್ಲಿ ಹೆಲ್ಗಾ ಎಂಬ ಹುಡುಗಿ ಇದ್ದಳು. ಇಪ್ಪತ್ತೈದರ ಒಳಗಿನ ವಯಸ್ಸು, ಜರ್ಮನಿಯವಳು. ಎರಡನೆಯ ದಿನ ಮಧ್ಯಾಹ್ನ ಅವಳು ಗುದ್ದಲಿ ಇಟ್ಟು, ಬೆವರು ಒರೆಸುತ್ತ ನೇರವಾಗಿ ಏರಿ ಹತ್ತಿ ಬಂದು ಕಲ್ಲವ್ವನ ಪಕ್ಕದಲ್ಲಿ ಕುಳಿತುಬಿಟ್ಟಳು. ಅವಳ ಹಿಂದೆ ಓಡಿಬಂದವರು ಮೆಹಬೂಬಸುಭಾನಿ ಮಾಸ್ತರರು. ಗಜೇಂದ್ರಗಡದವರು, ರೋಣದ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ರಜೆಯಲ್ಲಿ ಪರದೇಶದವರ ಮಾತು ಕನ್ನಡಕ್ಕೆ ತಿರುಗಿಸಿ ಹೇಳಲು ಗೌಡರು ಅವರನ್ನು ಕರೆಸಿಕೊಂಡಿದ್ದರು.

"ನೀವು ದಿನಾ ಇಲ್ಲಿ ಬಂದು ಯಾಕ ಕುಂದರ್ತೀರಿ ಅಂತ ಕೇಳಾಕತ್ತಾರವ್ವಾ," ಎಂದರು ಮಾಸ್ತರರು.

"ಹೇಳ್ತೀನ್ರಿ, ಇದ್ದದ್ದು ಇದ್ದಂಗ ಹೇಳ್ರಿ ಮತ್ತ," ಎಂದಳು ಕಲ್ಲವ್ವ. "ನಾವು ರೊಕ್ಕ ತಗೊಂಡು ಮಾಡೋ ಕೆಲಸಾನ ಈಕಿ ರೊಕ್ಕ ಕೊಟ್ಟು ಮಾಡಾಕತ್ತಾಳ. ಹಿಂಗಾದ್ರ ನಮ್ಮ ಬುಟ್ಟಿ ಯಾರ ಕೇಳ್ತಾರ್ರಿ? ಬ್ಯಾರೆ ಉದ್ಯೋಗ ಇಲ್ಲ, ಇವರನ್ನರ ನೋಡೂಣು ಅಂತ ಕುಂತೀವಿ."

ಮಾಸ್ತರರು ಸಂಕೋಚದ ಮನುಷ್ಯ. ಅತಿಥಿಗಳಿಗೆ ನೋವಾಗಬಾರದೆಂದು, ಈ ತಾಯಿ ನಿಮ್ಮನ್ನು ನೋಡಿ ಬಹಳ ಸಂತೋಷಪಟ್ಟಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಹೆಲ್ಗಾ ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡಿದಳು. ಎದುರಿಗಿದ್ದ ಬರಿಯ ಬುಟ್ಟಿಗಳನ್ನು ನೋಡಿದಳು. ಮತ್ತೆ ಮಾಸ್ತರರಿಗೆ ಏನೋ ಅಂದಳು.

"ಏನಂದ್ಲ್ರೀ?" ಎಂದಳು ಕಲ್ಲವ್ವ.

ಮಾಸ್ತರರು ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು. "ನಾ ಸುಳ್ಳ ಹೇಳೀನಿ ಅಂದ್ರು."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಮಾಸ್ತರರೂ ನಕ್ಕರು, ನಕ್ಕ ಮೇಲೆ ಇದ್ದದ್ದನ್ನು ಇದ್ದಂತೆ ಹೇಳಿದರು. ಹೆಲ್ಗಾಳ ಮುಖ ಬಿಸಿಲಿಗೆ ಮೊದಲೇ ಕೆಂಪಾಗಿತ್ತು, ಈಗ ಕಿವಿಗಳೂ ಕೆಂಪಾದವು. ಅವಳು ಎದ್ದು ಏರಿ ಇಳಿದು ಹೋಗಿ ತನ್ನವರ ಕೈಯಿಂದ ಗುದ್ದಲಿಗಳನ್ನು ಇಳಿಸಿದಳು. ಹೊತ್ತು ಇನ್ನೂ ನೆತ್ತಿಯಿಂದ ಜಾರಿರಲಿಲ್ಲ, ಕೆಲಸ ನಿಂತುಹೋಯಿತು.

ಸಂಜೆಯ ಹೊತ್ತಿಗೆ ಕೆರೆಯ ಏರಿಯೇ ಚಾವಡಿಯಾಯಿತು. ಗೌಡರು ಬಂದರು, ಪರದೇಶದವರ ಹಿರಿಯ ಬಂದ. ಬಿಳಿಗಡ್ಡದವನು, ತನ್ನ ದೇಶದಲ್ಲಿ ಬಡಿಗ. ಅವನು ಮಾಸ್ತರರ ಮೂಲಕ ಗೌಡರನ್ನು ಕೇಳಿದ್ದು ಇಷ್ಟೇ: ಕೂಲಿಗೆ ದುಡಿಯುವವರು ಇರುವ ಕಡೆ ಒಂದು ಬುಟ್ಟಿ ಮಣ್ಣನ್ನೂ ಎತ್ತಬಾರದೆಂಬುದು ನಮ್ಮ ಸಂಘದ ಕಟ್ಟಳೆ. ಇಲ್ಲಿ ಆಳು ಸಿಗುವುದಿಲ್ಲ ಎಂದು ನಮಗೆ ತಿಳಿಸಿದವರು ಯಾರು?

"ನಾನ," ಎಂದರು ಮಹಾಲಿಂಗಪ್ಪಗೌಡರು. ಅವರು ಕೆಟ್ಟ ಮನುಷ್ಯರಲ್ಲ. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸು ಮಾಡಿದವರು, ಊರಿಗೆ ಒಂದು ಶಾಲೆ ಕಟ್ಟಿಸಬೇಕೆಂದು ಹಗಲೂ ಕನಸು ಕಾಣುವವರು. ಗೋಡೆ ಎದ್ದು ಎರಡು ವರ್ಷವಾಗಿತ್ತು, ಮೇಲೆ ಮಾಳಿಗೆಯ ಚಾವಣಿ ಹಾಕುವುದು ಇನ್ನೂ ಆಗಿರಲಿಲ್ಲ. "ಕೆರಿ ಪುಕ್ಕಟೆ ಆತಂದ್ರ ಅದರ ರೊಕ್ಕಾ ಸಾಲಿ ಮಾಳಗಿಗೆ ಹಾಕೂಣು ಅಂತ ತಾಲೂಕಿನ ಮಾಮಲೇದಾರರ ಕೈಕಾಲ ಬಿದ್ದು ಒಪ್ಪಿಸಿ ಬಂದೀನಿ. ನನ್ನ ಮನಿಗೆ ಒಯ್ಯಾಕಲ್ಲ. ಕಲ್ಲವ್ವಾ, ನಿನ್ನ ಮಗಾನೂ ಬೇವಿನ ಗಿಡದ ಬುಡಕ ಕುಂತು ಕಲಿಯಾಕತ್ತಾನಲ್ಲ?"

ಆ ಮಾತು ಕಲ್ಲವ್ವನಿಗೆ ನಾಟಿತು. ಮಗ ಮಳೆ ಬಂದ ದಿನ ಪಾಟಿಯನ್ನು ತಲೆಯ ಮೇಲೆ ಹಿಡಿದುಕೊಂಡು ಮನೆಗೆ ಓಡಿ ಬರುತ್ತಿದ್ದುದನ್ನು ಅವಳು ಕಂಡವಳೇ. ಎದುರಿಗಿದ್ದ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

"ಖರೇ ಐತ್ರಿ ಗೌಡ್ರ," ಎಂದಳು. "ಸಾಲಿ ಬೇಕು. ಆದ್ರ ಆ ಮಾಳಗೀನ ನಮ್ಮ ನೆತ್ತಿ ಮ್ಯಾಲ ಯಾಕ ಹಾಕಬೇಕ್ರಿ? ಊರಾಗ ಬ್ಯಾರೆ ನೆತ್ತಿ ಇಲ್ಲೇನು? ನಿಮ್ಮ ನೆತ್ತಿ ಐತಿ, ಹತ್ತಿ ಕೊಳ್ಳೋ ಅಡತಿ ಅಂಗಡಿಯವರ ನೆತ್ತಿ ಐತಿ. ನಮ್ಮನ್ನ ಒಂದು ಮಾತ ಕೇಳಿದ್ರ, ವಾರಕ್ಕ ಒಂದಿನ ನಾವೂ ಸಾಲಿಗೆ ಮಣ್ಣ ಹೊರ್ತಿದ್ವಿ. ಕೇಳಲಿಲ್ಲ. ಇವ್ರನ್ನ ಸಮುದ್ರದ ಆಚಿಂದ ಕರದ್ರಿ, ಓಣಿ ಆಚೆ ಇರೋ ನಮ್ಮನ್ನ ಕರೀಲಿಲ್ಲ."

ಬಿಳಿಗಡ್ಡದ ಹಿರಿಯ, ಹಾಗಾದರೆ ನಾವು ನಾಳೆಯೇ ಹೊರಡುತ್ತೇವೆ ಎಂದ. ಅದನ್ನು ಕೇಳಿ ಹೆಲ್ಗಾಳ ಕಣ್ಣುಗಳು ತುಂಬಿದವು. ಕಲ್ಲವ್ವನಿಗೆ ಅದನ್ನು ಸಹಿಸಲಾಗಲಿಲ್ಲ. ಯಾರಾದರೂ ಅತ್ತರೆ ಅವಳಿಗೆ ಸಿಟ್ಟೇ ಬರುತ್ತಿತ್ತು.

"ಏ ತಂಗಿ, ಅಳಬ್ಯಾಡ. ಒಂದ ಮಾತ ಹೇಳು. ಅಷ್ಟು ದೂರದಿಂದ ಯಾಕ ಬಂದಿ? ಹಡಗಕ್ಕ ಹಾಕಿದ ರೊಕ್ಕಾನ ಇಲ್ಲಿಗೆ ಕಳಸಿದ್ರ ಇಂಥಾ ಎರಡು ಕೆರಿ ಆಗ್ತಿದ್ವು. ನೀ ಮನ್ಯಾಗ ತಣ್ಣಗ ಇರತಿದ್ದಿ."

ಮಾಸ್ತರರು ಈ ಸಲ ಒಂದು ಅಕ್ಷರವನ್ನೂ ಬಿಡದೆ ಹೇಳಿದರು. ಹೆಲ್ಗಾ ನಿಧಾನವಾಗಿ ಉತ್ತರ ಕೊಟ್ಟಳು. ತಾನು ಚಿಕ್ಕವಳಿದ್ದಾಗ ಯುದ್ಧದಲ್ಲಿ ತನ್ನ ಊರು ಸುಟ್ಟು ನೆಲಸಮವಾಯಿತು. ಆಮೇಲೆ ಯಾರೋ ಪರದೇಶದವರು ಬಂದು, ಮೊನ್ನೆಯವರೆಗೆ ತಮ್ಮ ವೈರಿಗಳಾಗಿದ್ದವರ ಮನೆಯ ಇಟ್ಟಿಗೆಗಳನ್ನು ಎತ್ತಿಟ್ಟರು. ಅವರಲ್ಲೊಬ್ಬಳು ತನಗೆ ಹಾಡು ಕಲಿಸಿದಳು. ಅವಳಂತೆ ಆಗಬೇಕೆಂದು ತನಗೆ ಆಸೆ. ದವಾಖಾನೆಯಲ್ಲಿ ದುಡಿದು ಎರಡು ವರ್ಷ ಹಣ ಕೂಡಿಟ್ಟು ತಾನು ಬಂದದ್ದು ಅದಕ್ಕೇ. ಬರಿಯ ಹಣ ಕಳಿಸಿದ್ದರೆ ಕೆರೆ ಆಗುತ್ತಿತ್ತು, ನಿಮ್ಮನ್ನು ನೋಡುವುದು ಆಗುತ್ತಿರಲಿಲ್ಲ.

"ಅಂದ್ರ ನಮ್ಮ ಸಲುವಾಗಿ ಬಂದಿಲ್ಲ. ನಿನ್ನ ಸಲುವಾಗಿ ಬಂದಿ," ಎಂದಳು ಕಲ್ಲವ್ವ.

ಮಾಸ್ತರರು ತಿರುಗಿಸಿ ಹೇಳಿದಾಗ ಹೆಲ್ಗಾ ಕಲ್ಲವ್ವನ ಕಡೆ ತಿರುಗಿದಳು. ಹೌದು ಎಂದು ತಲೆಯಾಡಿಸಿದಳು.

ಕಲ್ಲವ್ವ ಅವಳ ಬೆನ್ನಿಗೆ ಒಂದು ಹೊಡೆತ ಹೊಡೆದು ನಕ್ಕಳು. "ಅದನ್ನ ಮದಲ ಹೇಳಬಾರದೇನ ಹುಚ್ಚಿ! ನನಗ ಉಪಕಾರ ಮಾಡಾಕ ಬಂದಾವರನ್ನ ಎಲ್ಲಿ ಕುಂದರಸಬೇಕು ನನಗ ತಿಳಿಯೂದಿಲ್ಲ. ತಮ್ಮ ಆಸೇಕ ಬಂದಾವರು ಬೀಗರಿದ್ದಂಗ. ಇರು, ಹೋಗಬ್ಯಾಡ."

ಹಾಗಾದರೆ ನಾವು ಏನು ಮಾಡಲಿ ಎಂದು ಹೆಲ್ಗಾ ಕೇಳಿದಳು. ಕಲ್ಲವ್ವ ಆಚೀಚೆ ನೋಡಿದಳು. ಏನು ಕೆಲಸವಾಗಬೇಕು ಎಂದು ಅವಳನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಆಗ ಹಿಂದಿನಿಂದ ಸಿದ್ದಲಿಂಗವ್ವ ಸಣ್ಣ ದನಿಯಲ್ಲಿ, "ಯಕ್ಕಾ, ಹಳ್ಳದ ಇಳಕಲಾ," ಎಂದಳು.

ಬೆಳವಣಕಿಯ ಬಾವಿಗಳ ನೀರು ಸವಳು. ಬೇಸಿಗೆಯಲ್ಲಿ ಕೆರೆ ಬತ್ತಿದರೆ ಕುಡಿಯುವ ನೀರಿಗೆ ಹೆಂಗಸರು ಹಳ್ಳಕ್ಕೆ ಇಳಿದು, ಮರಳಲ್ಲಿ ಗುಂಡಿ ತೋಡಿ, ಒರತೆಯಿಂದ ಚರಿಗೆ ಚರಿಗೆಯಾಗಿ ಕೊಡ ತುಂಬಿಕೊಳ್ಳಬೇಕು. ಆ ದಂಡೆ ಕಡಿದಾದ ಎರೆಮಣ್ಣಿನದು. ಒಣಗಿದರೆ ಕಾಲಡಿ ಉದುರುತ್ತದೆ, ಹಸಿಯಾದರೆ ಬೆಣ್ಣೆಯಂತೆ ಜಾರುತ್ತದೆ. ಅಲ್ಲಿ ಒಡೆಯದ ಕೊಡವಿರಲಿಲ್ಲ, ಉಳುಕದ ಕಾಲಿರಲಿಲ್ಲ. ಆದರೆ ನೀರು ತರುವುದಕ್ಕೆ ಯಾರೂ ಕೂಲಿ ಕೊಡುವುದಿಲ್ಲ, ಆದ್ದರಿಂದ ಆ ದಾರಿಯನ್ನು ಸರಿಪಡಿಸಲೂ ಯಾವ ಗುತ್ತಿಗೆದಾರ ಬರುವುದಿಲ್ಲ. ಅದು ಯಾವ ಕಚೇರಿಯ ಕಣ್ಣಿಗೂ ಬಿದ್ದ ಕೆಲಸವಲ್ಲ.

"ಅಲ್ಲೆ ಇಳಿಯಾಕ ಹತ್ತಾಕ ಕಲ್ಲಿನ ಪಾವಟಿಗಿ ಕಟ್ಟಿ ಕೊಡ್ರಿ," ಎಂದಳು ಕಲ್ಲವ್ವ. "ಕೆರಿ ನಮಗ ಬಿಡ್ರಿ. ಅಲ್ಲಿ ನೀವು ಯಾರ ತುತ್ತೂ ಕಸಿಯೂದಿಲ್ಲ."

ಗೌಡರಿಗೆ ಸೋಲು ಒಪ್ಪಿಕೊಳ್ಳಲು ಒಂದು ರಾತ್ರಿ ಬೇಕಾಯಿತು. ಮರುದಿನ ರೋಣಕ್ಕೆ ಹೋಗಿ ಮಾಮಲೇದಾರರ ಎದುರು ಮತ್ತೆ ಕೈಮುಗಿದರು, ಈ ಸಲ ಹಿಂದಿನ ಮಾತು ವಾಪಸು ಪಡೆಯಲು. ಬಂದವರೇ, ಊರ ಹಳೆಯ ಅಗಸಿ ಬಾಗಿಲು ಬಿದ್ದು ಗುಡ್ಡೆಯಾಗಿದ್ದ ಕಲ್ಲುಗಳನ್ನೆಲ್ಲ ಪಾವಟಿಗೆಗೆ ತೆಗೆದುಕೊಳ್ಳಿ ಎಂದರು. ಶಾಲೆಯ ಮಾಳಿಗೆ ಇನ್ನೊಂದು ವರ್ಷ ಮುಂದೆ ಹೋಯಿತು. ಅದರ ಬೆಲೆ ತೆತ್ತವರು ಮಕ್ಕಳೇ. ಕಲ್ಲವ್ವ ಅದನ್ನು ಮರೆಯಲಿಲ್ಲ. ಆಮೇಲೆ ಶಾಲೆಯ ಕೆಲಸ ಹಿಡಿದಾಗ ತನ್ನ ಹೆಂಗಸರನ್ನು ವಾರಕ್ಕೊಂದು ದಿನ ಶಾಲೆಗೆ ಮಣ್ಣು ಹೊರಲು ತಾನೇ ಕರೆದುಕೊಂಡು ಹೋದಳು, ಅಡತಿ ಅಂಗಡಿಗಳ ಮುಂದೆ ನಿಂತು ಅವರ ನೆತ್ತಿಗೂ ಕೈಹಾಕಿ ವಂತಿಗೆ ವಸೂಲಿ ಮಾಡಿದಳು.

ಆ ತಿಂಗಳು ಬೆಳವಣಕಿ ನಗುನಗುತ್ತ ಕಳೆಯಿತು. ಬೆಳಗಿನಿಂದ ಕೆರೆಯಲ್ಲಿ ಕೂಲಿ ಕೆಲಸ ಮಾಡಿದ ಹೆಂಗಸರು, ಬಿಸಿಲು ತಗ್ಗಿದ ಮೇಲೆ ಹಳ್ಳದ ಕಡೆ ಹೋಗಿ ಪರದೇಶದವರ ಜೊತೆ ಒಂದಿಷ್ಟು ಹೊತ್ತು ಕಲ್ಲು ಸಾಗಿಸುತ್ತಿದ್ದರು. ಅವರನ್ನು ಯಾರೂ ಕರೆದಿರಲಿಲ್ಲ. ತಮ್ಮ ದಾರಿಗೆ ತಾವು ಕೈಹಚ್ಚದಿದ್ದರೆ ಹೇಗೆ ಎಂದಳು ಸಿದ್ದಲಿಂಗವ್ವ. ಬಿಳಿಗಡ್ಡದ ಹಿರಿಯ ನೂಲು ಹಿಡಿದು ಮಟ್ಟ ನೋಡುತ್ತಿದ್ದ. ಊರಿನ ಗೌಂಡಿ ಅವನ ಜೊತೆ ಕೈಸನ್ನೆಯಲ್ಲೇ ಜಗಳವಾಡಿ, ಕೈಸನ್ನೆಯಲ್ಲೇ ರಾಜಿಯಾಗುತ್ತಿದ್ದ.

ಹೆಲ್ಗಾ ಎಂಬ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ. ಕಲ್ಲವ್ವ ಅವಳನ್ನು ಹೋಳಿಗೆವ್ವ ಎಂದು ಕರೆದಳು, ಊರೆಲ್ಲ ಹಾಗೆಯೇ ಕರೆಯಿತು. ಹೋಳಿಗೆ ಎಂದರೇನು ಎಂದು ಅವಳು ಕೇಳಿದಳೆಂದು ಗೌಡರ ಹೆಂಡತಿ ಗೌರವ್ವ ಒಂದು ದಿನ ಹೋಳಿಗೆ ಮಾಡಿಸಿ ತುಪ್ಪ ಸುರಿದು ಬಡಿಸಿದರು. ಹೆಲ್ಗಾ ಐದು ತಿಂದು ಎದ್ದಳು. "ಹೆಸರಿಗೆ ತಕ್ಕ ಮಗಳು," ಎಂದರು ಗೌರವ್ವ.

ತಲೆಯ ಮೇಲೆ ಬುಟ್ಟಿ ಹೊರುವುದನ್ನು ಕಲಿಯಬೇಕೆಂದು ಅವಳು ಹಟ ಹಿಡಿದಳು. ಕಲ್ಲವ್ವ ಹಳೆಯ ಸೀರೆಯ ಚೂರನ್ನು ಸುತ್ತಿ ಸಿಂಬೆ ಮಾಡಿ ಅವಳ ತಲೆಯ ಮೇಲಿಟ್ಟಳು. ಮೊದಲ ಸಲ ಬುಟ್ಟಿ ಹಿಂದಕ್ಕೆ ಬಿತ್ತು. ಎರಡನೆಯ ಸಲ ಮುಂದಕ್ಕೆ ಬಿದ್ದು ಮಣ್ಣೆಲ್ಲ ಮಾಸ್ತರರ ಕೋಟಿನ ಮೇಲೆ ಸುರಿಯಿತು. ಅಂದಿನಿಂದ ಮಾಸ್ತರರು ಕೋಟು ಮನೆಯಲ್ಲಿಟ್ಟು, ಅಂಗಿಯ ತೋಳು ಮಡಚಿ ತಾವೂ ಕಲ್ಲು ಹೊರತೊಡಗಿದರು. ಮೈಗೆ ಒಳ್ಳೆಯದಾಯಿತು ಎಂದು ತಾವೇ ಹೇಳಿಕೊಂಡರು. ಹೆಲ್ಗಾ ಎರಡೂ ಕೈ ಬಿಟ್ಟು ಬುಟ್ಟಿ ಹೊತ್ತು ನಡೆದ ದಿನ ಹಳ್ಳದ ದಂಡೆಯಲ್ಲಿ ಚಪ್ಪಾಳೆ ಬಿತ್ತು. ಅವಳು ಬುಟ್ಟಿ ಇಳಿಸಿ, ಕಿಸೆಯಿಂದ ಬಾಯಿಯಲ್ಲಿ ಊದುವ ವಾದ್ಯವೊಂದನ್ನು ತೆಗೆದು ಊದಿದಳು. ಯಾರೋ ಅವಳಿಗೆ ಸುಟ್ಟ ಊರಿನಲ್ಲಿ ಕಲಿಸಿದ ಹಾಡಂತೆ. ಕಲ್ಲವ್ವನ ಹೆಂಗಸರು ಅದಕ್ಕೆ ಬೀಸುಕಲ್ಲಿನ ಪದದ ಸೊಲ್ಲು ಕೂಡಿಸಿದರು. ಎರಡಕ್ಕೂ ತಾಳ ಕೂಡಲಿಲ್ಲ, ಯಾರೂ ನಿಲ್ಲಿಸಲೂ ಇಲ್ಲ.

ಕಡೆಯ ಕಲ್ಲು ಕೂತ ದಿನ ಮೊದಲು ಇಳಿಯಬೇಕಾದವರು ಯಾರು ಎಂದು ಚರ್ಚೆಯಾಯಿತು. ಗೌಡರು ಹೂವಿನ ಹಾರ ತಂದಿದ್ದರು. ಹಾರ ಯಾರಿಗೆ ಎಂದು ಅವರು ಯೋಚಿಸುತ್ತಿರುವಾಗಲೇ ಸಿದ್ದಲಿಂಗವ್ವ ಕೊಡ ಎತ್ತಿಕೊಂಡು ಪಾವಟಿಗೆ ಇಳಿದುಬಿಟ್ಟಳು. ಹೊಟ್ಟೆ ದೊಡ್ಡದಾಗಿತ್ತು. ಅಲ್ಲಿಯವರೆಗೆ ಅವಳನ್ನು ಇಬ್ಬರು ಹಿಡಿದುಕೊಂಡು ಇಳಿಸಬೇಕಾಗುತ್ತಿತ್ತು. ಈಗ ಒಬ್ಬಳೇ ಇಳಿದಳು, ಕೊಡ ತುಂಬಿದಳು, ಒಬ್ಬಳೇ ಹತ್ತಿ ಬಂದಳು. ಗೌಡರು ಹಾರವನ್ನು ಅವಳ ಕೊಡಕ್ಕೆ ಹಾಕಿದರು.

ಹೊರಡುವಾಗ ಹೆಲ್ಗಾ ಕಲ್ಲವ್ವನನ್ನು ಅಪ್ಪಿಕೊಂಡು, ನೀವೂ ಒಮ್ಮೆ ನಮ್ಮ ಊರಿಗೆ ಬರಬೇಕು ಎಂದಳು. "ಬರ್ತೀನಿ, ನಿಮ್ಮ ಕೆರಿ ಹೂಳ ತುಂಬಿದಾಗ ಹೇಳಿ ಕಳಸು," ಎಂದು ಕಲ್ಲವ್ವ ಜೋರಾಗಿ ನಕ್ಕಳು. ಚಕ್ಕಡಿ ಕಣ್ಮರೆಯಾದ ಮೇಲೆ ಮಾತ್ರ ಸೆರಗಿನಿಂದ ಮೂಗು ಒರೆಸಿಕೊಂಡಳು.

ಮರುವರ್ಷ ಶ್ರಾವಣದಲ್ಲಿ ಮೇಲೆ ಎಲ್ಲೋ ಜೋರು ಮಳೆಯಾಗಿ ಮಲಪ್ರಭೆ ದಂಡೆ ಮೀರಿತು. ದಂಡೆಯ ಮೇಲಿನ ಮೆಣಸಗಿಯಲ್ಲಿ ಮನೆಗಳೊಳಗೆ ನೀರು ನುಗ್ಗಿತು, ಮಣ್ಣಿನ ಗೋಡೆಗಳು ಕುಸಿದವು ಎಂದು ಸಂತೆಯಲ್ಲಿ ಸುದ್ದಿ. ಜನ ಜೀವ ಉಳಿಸಿಕೊಂಡಿದ್ದರು, ಉಳಿದದ್ದೆಲ್ಲ ರಾಡಿಯಲ್ಲಿತ್ತು. ಬೆಳವಣಕಿಯಲ್ಲಿ ಹೊಲದ ಕೆಲಸಕ್ಕೆ ಬಿಡುವು. ಕಲ್ಲವ್ವನಿಗೆ ಎರಡು ದಿನ ಕೂತಲ್ಲಿ ನಿಂತಲ್ಲಿ ಅದೇ ಯೋಚನೆ. ಮೂರನೆಯ ದಿನ ಹೆಂಗಸರನ್ನು ಕೂಡಿಸಿ, "ನಡೀರಿ, ಹೋಗೂಣು," ಎಂದಳು.

"ಕೂಲಿ ಎಷ್ಟಂತ ಯಕ್ಕಾ?"

"ಕೂಲಿ ಇಲ್ಲ. ರೈಲಿನ ರೊಕ್ಕಾ ನಾವ ಹಾಕಬೇಕು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. "ಹೋಳಿಗೆವ್ವ ಮೆಟ್ಟಿಕೊಂಡಾಳ ಈಕಿಗೆ," ಎಂದಿತು ಒಂದು ದನಿ. ಆದರೂ ಐದು ಮಂದಿ ಹೊರಟರು. ಅವರಲ್ಲಿ ಒಬ್ಬಳು ಕಂಕುಳಲ್ಲಿ ಕೂಸು ಎತ್ತಿಕೊಂಡ ಸಿದ್ದಲಿಂಗವ್ವ. ಅಂದಾನಪ್ಪ ಅವರನ್ನು ಮಲ್ಲಾಪುರದವರೆಗೆ ಚಕ್ಕಡಿಯಲ್ಲಿ ಬಿಟ್ಟು ತಿರುಗಿದ. ಕಲ್ಲವ್ವನೂ ಸೇರಿ ಆರು ಮಂದಿಯಲ್ಲಿ ಒಬ್ಬರೂ ಅದುವರೆಗೆ ರೈಲು ಹತ್ತಿರಲಿಲ್ಲ. ಇಳಿಯಬೇಕಾದ ಹೊಳೆಆಲೂರು ಬರುವಷ್ಟರಲ್ಲಿ ಕಲ್ಲವ್ವ ಎರಡೂ ಕಡೆಯ ಕಿಟಕಿಗಳಲ್ಲಿ ತಲೆ ಹಾಕಿ, ಗಿಡಗಳು ಓಡುವುದನ್ನು ನೋಡಿ, ಕಣ್ಣಿಗೆ ಇದ್ದಲಿನ ಕಸ ಬಿದ್ದು, ಆ ಕಣ್ಣನ್ನು ಉಜ್ಜಿಕೊಳ್ಳುತ್ತಲೇ ನಗುತ್ತಿದ್ದಳು.

ಮೆಣಸಗಿಯಲ್ಲಿ ನಗು ನಿಂತಿತು. ಓಣಿಗಳಲ್ಲಿ ಮೊಣಕಾಲುದ್ದ ಕೆಸರು. ಒಂದು ಅರ್ಧ ಬಿದ್ದ ಮನೆಯ ಕಟ್ಟೆಯ ಮೇಲೆ ಹಾಸಿಗೆ ತುಂಬುವ ಬಾಬುಸಾಬನ ಹೆಂಡತಿ ಮಾಸುಮಬಿ ಕುಳಿತಿದ್ದಳು. ಬುಟ್ಟಿ ಹಿಡಿದು ಸಾಲಾಗಿ ಬಂದ ಹೆಂಗಸರನ್ನು ನೋಡಿ ಅವಳ ಹುಬ್ಬು ಗಂಟಿಕ್ಕಿತು.

"ನೀವೂ ನೋಡಾಕ ಬಂದ್ರೇನು? ನಿನ್ನೆ ಯಾರೋ ಪ್ಯಾಟಿ ಮಂದಿ ಟಾಂಗಾ ಕಟ್ಟಿಕೊಂಡು ಬಂದಿದ್ರು. ಹರಕ ಬಟ್ಟಿ ಕೊಟ್ಟು, ಅಯ್ಯೋ ಪಾಪ ಅಂದು ಹೋದ್ರು."

ಕಲ್ಲವ್ವನಿಗೆ ತಾನು ಕೆರೆಯ ಏರಿಯ ಮೇಲೆ ಕುಳಿತ ದಿನ ಕಣ್ಣ ಮುಂದೆ ಬಂತು. ಈಗ ತಾನು ಏರಿಯ ಕೆಳಗೆ ನಿಂತಿದ್ದೇನೆ ಎನ್ನಿಸಿತು. ಬುಟ್ಟಿ ಕೆಳಗಿಟ್ಟಳು.

"ನೋಡಾಕಲ್ಲ ಯಕ್ಕಾ, ಮಾಡಾಕ ಬಂದೀವಿ. ಮದಲ ಒಂದ ಮಾತ ಹೇಳು. ಈ ರಾಡಿ ತಗಿಯಾಕ ಇಲ್ಲಿ ಯಾರಿಗರ ಕೂಲಿ ಐತೇನು?"

ಮಾಸುಮಬಿ ಅವಳನ್ನು ವಿಚಿತ್ರವಾಗಿ ನೋಡಿದಳು. "ರಸ್ತಾದ್ದು ಸರಕಾರದಾವ್ರು ಕೊಡಾಕತ್ತಾರ. ನಮ್ಮ ಓಣಿ ಹುಡುಗರು ಅದ ಕೆಲಸಕ್ಕ ಹೋಗ್ಯಾರ."

"ಹಂಗಾರ ರಸ್ತಾಕ್ಕ ನಾವು ಕೈ ಹಚ್ಚೂದಿಲ್ಲ. ಯಾರೂ ಕೂಲಿ ಕೊಡದ ಕೆಲಸ ಏನೈತಿ, ಅದನ್ನ ಹೇಳು."

ಮಾಸುಮಬಿ ಎದ್ದು ಹಿತ್ತಲಿಗೆ ಕರೆದುಕೊಂಡು ಹೋಗಿ ನೆಲದಲ್ಲಿ ಮುಚ್ಚಿದ ಒಂದು ಬಾಯಿಯನ್ನು ತೋರಿಸಿದಳು. ಅದು ಹಗೇವು, ವರ್ಷದ ಜೋಳ ತುಂಬಿಡುವ ನೆಲದೊಳಗಿನ ಕಣಜ. ನೀರು ಒಳಗಿಳಿದಿತ್ತು. ಗಂಡನ ಕೈಯಲ್ಲಿ ಹಸಿ ಹತ್ತಿಯ ರಾಶಿ, ಮಕ್ಕಳು ಚಿಕ್ಕವು, ಇದನ್ನು ತೆರೆಯುವ ಧೈರ್ಯ ಅವಳಿಗೆ ಇನ್ನೂ ಬಂದಿರಲಿಲ್ಲ.

ಬಾಯಿ ತೆಗೆದು, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಅರ್ಧ ದಿನ ಬಿಟ್ಟರು. ಕಂದೀಲು ಇಳಿಬಿಟ್ಟು, ಅದು ಆರದೆ ಉರಿಯಿತೆಂದ ಮೇಲೆ ಕಲ್ಲವ್ವನೇ ಇಳಿದಳು. ಹುಳಿ ನಾತ ಮೂಗಿಗೆ ಬಡಿಯಿತು. ಬುಟ್ಟಿ ಬುಟ್ಟಿಯಾಗಿ ಜೋಳ ಮೇಲೆ ಬಂತು. ಕೆಟ್ಟದ್ದು ತಿಪ್ಪೆಗೆ ಹೋಯಿತು, ನಡುವಿನದು ಎಷ್ಟೋ ಚೆನ್ನಾಗಿತ್ತು, ಬರಿಯ ಹಸಿಯಾಗಿತ್ತು. ಅದನ್ನು ಕೌದಿಗಳ ಮೇಲೆ ಹರವಿದರು. ಅಂದು ಮೋಡ ಸರಿದು ಬಿಸಿಲು ಬಿದ್ದಿತ್ತು. ಮರುದಿನ ಪಕ್ಕದ ಮನೆಯವರು ಬಂದು ನಮ್ಮದನ್ನೂ ತೆಗೆಯಬೇಕೆಂದರು. ಆ ಮರುದಿನ ಅದರ ಪಕ್ಕದವರು. ಓಣಿಯ ಹೆಂಗಸರು ತಾವೂ ಸೆರಗು ಕಟ್ಟಿ ನಿಂತರು.

"ಖರೇ ಹೇಳು," ಎಂದಳು ಮಾಸುಮಬಿ ಒಂದು ಮಧ್ಯಾಹ್ನ, ಜೋಳ ಕೈಯಾಡಿಸುತ್ತ. "ಕೈಯಿಂದ ರೊಕ್ಕ ಹಾಕಿ, ಗಂಡನ್ನ ಬಿಟ್ಟು, ಈ ನಾತದಾಗ ಇಳ್ಯಾಕ ಯಾಕ ಬಂದಿ? ಸವಾಬ್, ಪುಣ್ಯ ಬೇಕಾಗಿತ್ತೇನು?"

ಕಲ್ಲವ್ವ ಯೋಚಿಸಿದಳು. ದೊಡ್ಡ ಮಾತು ಹೇಳಬಹುದಿತ್ತು, ಬಾಯಿಗೆ ಬರಲಿಲ್ಲ. "ನನಗ ರೈಲಿನಾಗ ಕುಂದರಬೇಕಿತ್ತು ಯಕ್ಕಾ," ಎಂದಳು. "ಮತ್ತ ನಿನ್ನಂಥಾಕಿ ಒಬ್ಬಾಕಿ ಕೂಡ ಜಗಳಾಡಿ ಭಾಳ ದಿನ ಆಗಿತ್ತು."

ಮಾಸುಮಬಿ ಪ್ರವಾಹ ಬಂದಾಗಿನಿಂದ ಮೊದಲ ಸಲ ನಕ್ಕಳು. ನಗುತ್ತ ನಗುತ್ತ ಒಂದಿಷ್ಟು ಅತ್ತಳು, ಅಳುತ್ತಲೇ ಎದ್ದು ಹೋಗಿ ಒಣಗಿದ ಜೋಳವನ್ನು ಬಾಣಲೆಗೆ ಹಾಕಿದಳು. ಜೋಳ ಪಟಪಟ ಸಿಡಿದು ಬಿಳಿಯ ಅಳ್ಳಾಯಿತು. ಬೆಲ್ಲದ ಚೂರು ಹಾಕಿ ಮಕ್ಕಳಿಗೆ, ಹೆಂಗಸರಿಗೆ, ದಾರಿಯಲ್ಲಿ ಹೋಗುತ್ತಿದ್ದವರಿಗೂ ಕೊಟ್ಟಳು.

ಎರಡು ದಿನಕ್ಕೆ ಬರುತ್ತೇನೆಂದವಳು ವಾರವಾದರೂ ಬಾರದಿದ್ದಾಗ ಅಂದಾನಪ್ಪ ಚಕ್ಕಡಿ ಕಟ್ಟಿಕೊಂಡು ಮೆಣಸಗಿಗೆ ಬಂದ. ಹೆಂಡತಿಗೆ ಹೇಳಬೇಕೆಂದು ದಾರಿಯುದ್ದಕ್ಕೂ ನಾಲ್ಕು ಗಟ್ಟಿ ಮಾತು ಕೂಡಿಸಿಕೊಂಡಿದ್ದ. ಓಣಿಯ ಬಾಯಲ್ಲಿ ಅವನ ಎತ್ತುಗಳನ್ನು ಕಂಡದ್ದೇ ತಡ, ಕಲ್ಲವ್ವ ತಲೆಯ ಮೇಲಿನ ಬುಟ್ಟಿಯನ್ನೂ ಇಳಿಸದೆ ಕೂಗಿದಳು:

"ಬರ್ರಿ ಬರ್ರಿ, ಭಾಳ ಚಲೋ ಹೊತ್ತಿಗೆ ಬಂದ್ರಿ! ಬಿದ್ದ ಗ್ವಾಡಿ ಮಣ್ಣು ಸಾಗಸಾಕ ಊರಾಗ ಒಂದೂ ಚಕ್ಕಡಿ ಇಲ್ಲ."

ಬಾಬುಸಾಬ ಬಂದು ಎತ್ತಿನ ಹಗ್ಗ ಹಿಡಿದ. ಮಾಸುಮಬಿ ಮೊರದ ತುಂಬ ಅಳ್ಳು ತಂದು ಮುಂದಿಟ್ಟಳು. ಮಕ್ಕಳು ಆಗಲೇ ಚಕ್ಕಡಿ ಹತ್ತಿ ಕುಳಿತಿದ್ದವು. ಅಂದಾನಪ್ಪ ಸುತ್ತ ಒಮ್ಮೆ ನೋಡಿದ. ಕೂಡಿಸಿಕೊಂಡು ಬಂದಿದ್ದ ಮಾತುಗಳನ್ನು ಎಲೆ ಅಡಿಕೆಯ ಜೊತೆ ಉಗುಳಿ, ಅಂಗಿ ಕಳಚಿ ಚಕ್ಕಡಿಯ ಗೂಟಕ್ಕೆ ಹಾಕಿದ.

"ಮಣ್ಣು ಎಲ್ಲಿಗೆ ಒಯ್ಯಬೇಕು?" ಎಂದು ಕೇಳಿದ.